ದೊಡ್ಡ ಪ್ರಾಣಿ ಕಂಡರಷ್ಟೇ ಕಾಡೇ?

ಮಾನ್ಯರೇ,

ವಿದ್ಯಾರ್ಥಿಗಳನ್ನು ರಾಷ್ಟ್ರೀಯ ಉದ್ಯಾನಗಳಿಗೆ ಕರೆದೊಯ್ಯುವುದು ಒಳ್ಳೆಯದೇ. ಆದರೆ ಎಷ್ಟೋ ಪ್ರವಾಸಗಳು ದೊಡ್ಡ ಪ್ರಾಣಿ ಕಂಡಿತೋ ಇಲ್ಲವೋ ಎಂಬ ಲೆಕ್ಕದಲ್ಲೇ ಮುಗಿಯುತ್ತವೆ. ಕಾಣದಿದ್ದರೆ ‘ಏನೂ ಇರಲಿಲ್ಲ’ ಎನ್ನುತ್ತಾ ಮಕ್ಕಳು ಬಸ್ ಹತ್ತುತ್ತಾರೆ. ಏನೂ ಇಲ್ಲದ ಕಾಡು ಎಲ್ಲಾದರೂ ಉಂಟೇ? ಬಿದ್ದ ಮರವೊಂದರ ಮುಂದೆ ಅರ್ಧ ಗಂಟೆ ಕೂರಿಸಿ ನೋಡಿ. ತೊಗಟೆಯಡಿ ಗೆದ್ದಲು, ಬಿರುಕಿನಲ್ಲಿ ಅಣಬೆ, ತೇವ ನಿಂತ ಬದಿಗೆ ಪಾಚಿ. ಮರ ಮಣ್ಣಾಗುವ ಬಗೆಯೆಲ್ಲ ಕಣ್ಣೆದುರೇ ಇರುತ್ತದೆ. ಹಿಕ್ಕೆಯಲ್ಲಿ ಬೀಜ ಕಂಡರೆ ಬೀಜಪ್ರಸಾರದ ಪಾಠಕ್ಕೆ ಬೇರೆ ಚಿತ್ರ ಬೇಕಿಲ್ಲ.

ಹೊರಡುವ ಮುನ್ನ ತರಗತಿಯಲ್ಲಿ ಒಂದಿಷ್ಟು ತಯಾರಿಯೂ ನಡೆಯಲಿ. ಅಮೆರಿಕದ ಯೆಲ್ಲೊಸ್ಟೋನ್ 1872ರಲ್ಲೇ ರಾಷ್ಟ್ರೀಯ ಉದ್ಯಾನವಾದರೂ ಅಲ್ಲಿನ ತೋಳಗಳನ್ನು ಮನುಷ್ಯರೇ ಕೊಂದು ಮುಗಿಸಿದರು. 1995ರಲ್ಲಿ ಕೆನಡಾದಿಂದ ತಂದು ಬಿಡಬೇಕಾಯಿತು. ಇಂಥದ್ದನ್ನು ಕೇಳಿ ಬಂದ ಮಕ್ಕಳು ಕಾಡಿನಲ್ಲಿ ಕೇಳುವ ಪ್ರಶ್ನೆಗಳೇ ಬೇರೆ.

ಬಸ್ ತುಂಬ ಗದ್ದಲ, ಸೆಲ್ಫಿಯ ನೂಕುನುಗ್ಗಲು ಇದ್ದರೆ ಹಕ್ಕಿಯ ದನಿಯೂ ಕಿವಿಗೆ ಬೀಳದು. ಶಾಲೆಗಳು ಸಣ್ಣ ತಂಡ ಕಟ್ಟಲಿ. ಪ್ರತಿ ತಂಡಕ್ಕೂ ಕಾಡು ಬಲ್ಲ ಸ್ಥಳೀಯರೊಬ್ಬರನ್ನು ಅರಣ್ಯ ಇಲಾಖೆಗಳು ಜೊತೆ ಮಾಡಿಕೊಡಲಿ. ಹಾಗೆಯೇ, ಮರಳಿದ ಮೇಲೆ ‘ನಮ್ಮ ಪ್ರವಾಸ’ ಎಂದು ಎರಡು ಪುಟ ಬರೆಸುವ ಶಿಕ್ಷೆಯನ್ನು ದಯವಿಟ್ಟು ಕೈಬಿಡಿ.

– ನಿವೃತ್ತ ವಿಜ್ಞಾನ ಶಿಕ್ಷಕ