ರುಬೆಲ್ಲಾ ಲಸಿಕೆ: ದೊಡ್ಡ ಹೆಣ್ಣುಮಕ್ಕಳನ್ನು ಮರೆತಿದ್ದೇವೆ

ಮಾನ್ಯರೇ,

2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಐದು ವರ್ಷದ ಹುಡುಗಿಗೆ ಝೀಕಾ ಸೋಂಕು ಪತ್ತೆಯಾದಾಗ ಬಸುರಿಯರಿದ್ದ ಮನೆಗಳೆಲ್ಲ ದಿಗಿಲುಬಿದ್ದವು. ಬಸಿರಿನಲ್ಲಿ ಝೀಕಾ ತಗುಲಿದ ತಾಯಂದಿರಿಗೆ ಬ್ರೆಜಿಲಿನಲ್ಲಿ ಹುಟ್ಟಿದ ಪುಟ್ಟ ತಲೆಯ ಕೂಸುಗಳ ಚಿತ್ರ ಎಲ್ಲರ ಕಣ್ಣಲ್ಲಿತ್ತು. ಝೀಕಾಕ್ಕೆ ಲಸಿಕೆಯಿಲ್ಲ, ಸೊಳ್ಳೆ ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ ದಾರಿ. ಆದರೆ ಗರ್ಭದಲ್ಲಿರುವ ಮಗುವಿನ ಮಿದುಳು, ಕಣ್ಣು, ಕಿವಿಗಳನ್ನು ಕೆಡಿಸುವ ರುಬೆಲ್ಲಾ ಬಹಳ ಹಿಂದಿನಿಂದ ನಮ್ಮಲ್ಲೇ ಇದೆ. ಅದಕ್ಕೆ ಲಸಿಕೆಯೂ ಇದೆ. ದಿಗಿಲು ಮಾತ್ರ ಇಲ್ಲ.

ಇರುವುದಾದರೂ ಹೇಗೆ? ದೊಡ್ಡವರಿಗೆ ಅದು ಎರಡು ಮೂರು ದಿನದ ಸಣ್ಣ ಜ್ವರ, ತೆಳು ಕೆಂಪು ದದ್ದು, ಕಿವಿಯ ಹಿಂದೆ ಗಂಟು. ಬೆವರುಸಾಲೆ ಎಂದುಕೊಂಡು ಸುಮ್ಮನಾಗುತ್ತಾರೆ. ಬಸಿರಿನ ಮೊದಲ 12 ವಾರಗಳಲ್ಲಿ ಬಂದರೆ ಹತ್ತರಲ್ಲಿ ಎಂಟು, ಒಂಬತ್ತು ಕೂಸುಗಳಿಗೆ ಅಪಾಯ.

ಆರೋಗ್ಯ ಸಹಾಯಕಿಯಾಗಿ ಊರೂರು ಸುತ್ತುತ್ತಿದ್ದಾಗ ಒಂದು ಮನೆಯಲ್ಲಿ ತಾಯಿ ಎರಡು ವರ್ಷದ ಮಗನ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಡಿದು ತೋರಿಸಿದಳು. ಕೋಳಿಗಳು ಬೆದರಿ ಓಡಿದವು. ಅವನು ಕೈಯಲ್ಲಿದ್ದ ಮುಚ್ಚಳ ತಿರುಗಿಸುತ್ತಲೇ ಇದ್ದ. ಬಸಿರಿನ ಎರಡನೇ ತಿಂಗಳಲ್ಲಿ ಅವಳ ಮೈಮೇಲೆ ದದ್ದು ಎದ್ದಿತ್ತಂತೆ. ಅದು ರುಬೆಲ್ಲಾವೇ ಎಂದು ಪರೀಕ್ಷಿಸಿದವರಿರಲಿಲ್ಲ, ತಾಯಿಯನ್ನು ಅದುವರೆಗೆ ಕೇಳಿದವರೂ ಇರಲಿಲ್ಲ. ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ ಈ ನಂಟನ್ನು ಗುರುತಿಸಿದ್ದೇ ಕಣ್ಣಿಗೆ ಪೊರೆ ಬಂದು ಹುಟ್ಟಿದ ಕೂಸುಗಳ ತಾಯಂದಿರ ಮಾತಿಗೆ ಕಿವಿಗೊಟ್ಟು.

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ದೇಶದಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ವಾಟ್ಸ್‌ಆ್ಯಪ್ ಸುಳ್ಳುಗಳಿಗೆ ಹೆದರಿ ಮಕ್ಕಳನ್ನು ಆ ದಿನ ಶಾಲೆಗೇ ಕಳಿಸದವರಿದ್ದರು. ಅದು ಬೇರೆಯೇ ಕಥೆ. ಲಸಿಕೆ ಸಿಕ್ಕಿದ್ದು 9 ತಿಂಗಳಿಂದ 15 ವರ್ಷದೊಳಗಿನವರಿಗೆ. ಆಗಲೇ 15 ದಾಟಿದ್ದ ಹುಡುಗಿಯರು ಈಗ ತಾಯಂದಿರಾಗುತ್ತಿದ್ದಾರೆ. ಅವರಲ್ಲಿ ಬಹಳ ಮಂದಿಗೆ ಬಾಲ್ಯದಲ್ಲೇ ಸೋಂಕು ಬಂದು ಹೋಗಿ ರಕ್ಷಣೆ ಸಿಕ್ಕಿರಬಹುದು. ಆದರೆ ಯಾರಿಗೆ ಬಂದಿತ್ತು, ಯಾರಿಗಿಲ್ಲ ಎಂಬುದು ರಕ್ತ ಪರೀಕ್ಷೆಯಿಲ್ಲದೆ ಗೊತ್ತಾಗುವುದಿಲ್ಲ.

ನನ್ನ ತಂಗಿಯ ಮಗಳಿಗೆ 28. ಛತ್ರ ಗೊತ್ತಾಗಿ, ಸೀರೆಗೆ ಫಾಲ್ ಹೊಲಿಸಿದ್ದೂ ಆಗಿತ್ತು. ರುಬೆಲ್ಲಾ ಲಸಿಕೆ ಆಗಿದೆಯೇ ಎಂದರೆ, 'ಅದು ಮಕ್ಕಳಿಗಲ್ಲವೇ ದೊಡ್ಡಮ್ಮ?' ಎಂದಳು. ಓದಿದ ಹುಡುಗಿ! ಇದು ಜೀವಂತ ವೈರಸ್ಸಿನ ಲಸಿಕೆ. ಬಸುರಿಯರಿಗೆ ಕೊಡುವಂತಿಲ್ಲ, ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಬಸಿರು ನಿಲ್ಲದಂತೆ ನೋಡಿಕೊಳ್ಳಬೇಕು. ಬಸಿರಾದ ಮೇಲೆ ಕೊಡುವ ತಾಯಿ ಕಾರ್ಡ್ ಕೈಗೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಹಾಗಾಗಿ ಆರೋಗ್ಯ ಇಲಾಖೆ ಪದವಿ ಕಾಲೇಜುಗಳಲ್ಲಿ ಈ ಲಸಿಕೆ ಕೊಡಲಿ. ಚೊಚ್ಚಲ ಹೆರಿಗೆಯಾದ ತಾಯಿಗೆ ಲಸಿಕೆ ಆಗಿಲ್ಲದಿದ್ದರೆ, ಆಸ್ಪತ್ರೆಯಿಂದ ಮನೆಗೆ ಕಳಿಸುವ ಮುನ್ನವೇ ಹಾಕಲಿ. ಮೊಲೆಯೂಡಿಸುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಮಗುವಿಗೆ ಬಿಸಿಜಿ ಹಾಕುವ ಸಿಸ್ಟರ್ ಹೇಗೂ ಅದೇ ವಾರ್ಡಿನಲ್ಲಿರುತ್ತಾರೆ.

– ನಿವೃತ್ತ ಆರೋಗ್ಯ ಸಹಾಯಕಿ, ತುಮಕೂರು