ಹಲ್ಲಿ ಅಂದರೆ ಬರೀ ವಿಷ, ಶಕುನ ಅಷ್ಟೇನಾ?

ಸಂಪಾದಕರೇ,

ನಮ್ಮ ಪತ್ರಿಕೆಗಳಲ್ಲಿ ಹಲ್ಲಿ, ಓತಿಕ್ಯಾತಗಳು ಕಾಣಿಸಿಕೊಳ್ಳುವುದು ಮೂರೇ ಕಡೆ. ಮೈಮೇಲೆ ಬಿದ್ದರೆ ಏನು ಫಲ ಅನ್ನುವ ಮೂಲೆಯಲ್ಲಿ, ಪಕ್ಷ ಬದಲಿಸಿದವರನ್ನು ಗೋಸುಂಬೆ ಅಂತ ಬೈಯುವಾಗ, ಮತ್ತೆ ‘ಹಲ್ಲಿ ಬಿದ್ದ ಊಟ ತಿಂದು ಮಕ್ಕಳು ಅಸ್ವಸ್ಥ’ ಅನ್ನುವ ಸುದ್ದಿಯಲ್ಲಿ. ನನ್ನ ತಕರಾರು ಇರುವುದು ಈ ಮೂರನೆಯದರ ಮೇಲೆ. ಗೋಡೆ ಮೇಲಿನ ಹಲ್ಲಿಗೆ ವಿಷವಿಲ್ಲ. ಅದರ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಹಾಗಾಗಿ ಆ ಊಟ ಚೆಲ್ಲಲೇಬೇಕು, ಸರಿ. ಆದರೆ ‘ವಿಷಕಾರಿ ಹಲ್ಲಿ’ ಅಂತ ಬರೆದುಬಿಟ್ಟರೆ ಪಾತ್ರೆಗೆ ಮುಚ್ಚಳ ಯಾಕಿರಲಿಲ್ಲ ಅಂತ ಯಾರೂ ಕೇಳುವುದಿಲ್ಲ, ಪೊರಕೆ ಹಿಡಿದು ಹಲ್ಲಿ ಹೊಡೆಯುವುದು ಮಾತ್ರ ಶುರುವಾಗುತ್ತದೆ.

ಬರೆಯಲು ಬೇರೆ ಏನೂ ಇಲ್ಲ ಅಂತಲ್ಲ. ಪ್ರಪಂಚದಲ್ಲಿ ಹಲ್ಲಿ ಬಳಗದ ಪ್ರಭೇದಗಳೇ 7,000ಕ್ಕಿಂತ ಜಾಸ್ತಿ ಇವೆ. ಗಲಾಪಗೋಸ್ ದ್ವೀಪಗಳ ಇಗ್ವಾನಾ ಅನ್ನುವ ದೊಡ್ಡ ಓತಿ ಸಮುದ್ರದಲ್ಲಿ ಮುಳುಗಿ ಪಾಚಿ ಮೇಯುತ್ತದೆ, ಮೈಗೆ ಸೇರಿದ ಹೆಚ್ಚುವರಿ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುತ್ತದೆ. ಎಲ್ ನಿನೋ ಬಂದು, ಅಂದರೆ ಸಮುದ್ರದ ನೀರು ಬಿಸಿಯಾಗಿ, ಪಾಚಿ ಸಿಗದೇ ಹೋದರೆ ಮೈಯ ಉದ್ದವೇ ಕಡಿಮೆಯಾಗುತ್ತದೆ. ಸೊರಗುವುದಲ್ಲ, ನಿಜಕ್ಕೂ ಗಿಡ್ಡವಾಗುವುದು! ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಮೈಯೆಲ್ಲಾ ಮುಳ್ಳಿರುವ ಒಂದು ಓತಿ ಇದೆ. ಒದ್ದೆ ಮರಳಿನ ಮೇಲೆ ಸುಮ್ನೆ ನಿಂತರೆ ಸಾಕು, ಚರ್ಮದ ಸಣ್ಣ ಗೀರುಗಳಲ್ಲಿ ನೀರು ಏರಿ ಬಾಯಿಯವರೆಗೆ ಬರುತ್ತದೆ.

ಅಷ್ಟು ದೂರ ಯಾಕೆ, ಬೆಂಗಳೂರಿನ ಅಂಚಿನ ಬಂಡೆಗಳ ಮೇಲೆ ಬಿಸಿಲು ಕಾಯುವ ಓತಿಯನ್ನೇ ನೋಡಿ. ಗಂಡಿನ ಬೆನ್ನು ಹೆಣ್ಣಿನ ಮುಂದೆ ಕೆಂಪಾಗುತ್ತದೆ, ಇನ್ನೊಂದು ಗಂಡು ಎದುರಾದರೆ ಹಳದಿಗೆ ತಿರುಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಇವುಗಳ ಮೇಲೆ ಒಂದು ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದರು. ಅಡಗಲು ಎರಡು ಜಾಗ ಕೊಟ್ಟು, ಯಾವುದು ಸುರಕ್ಷಿತ ಅಂತ ಕಲಿಯಲು ಬಿಟ್ಟಾಗ, ಹಳ್ಳಿ ಕಡೆಯವುಗಳಿಗಿಂತ ನಗರದಂಚಿನ ಓತಿಗಳು ಬೇಗ ಕಲಿತವು. ನಾವು ಬಂಡೆ ಒಡೆದು ಸೈಟು ಮಾಡುತ್ತಾ ಹೋದರೂ ಅವು ಹೊಂದಿಕೊಳ್ಳಲು ನೋಡುತ್ತಿವೆ, ಆದರೆ ಕೂರಲು ಬಂಡೆಯೇ ಇಲ್ಲದಿದ್ದರೆ ಬುದ್ಧಿ ಇದ್ದು ಏನು ಮಾಡಬೇಕು ಹೇಳಿ?

ಮಲೆನಾಡಿನ ತೋಟಗಳಲ್ಲಿ ಪಕ್ಕೆಲುಬು ಅಗಲಿಸಿ ಅಡಿಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯನ್ನು ನಮ್ಮ ಮಕ್ಕಳಲ್ಲಿ ಎಷ್ಟು ಜನ ನೋಡಿದ್ದಾರೋ ಏನೋ. ನಿಮ್ಮ ಮಕ್ಕಳ ಪುಟದಲ್ಲಿ ವಾರಕ್ಕೊಂದರಂತೆ ಇವುಗಳ ಫೋಟೊ, ನಾಲ್ಕು ಸಾಲು ಹಾಕಿ. ಮೊದಲ ವಾರ ಆ ಬಂಡೆ ಓತಿಯೇ ಬರಲಿ, ಕಲರ್ ಪ್ರಿಂಟ್‌ನಲ್ಲಿ.

– ಓದುಗ, ತುಮಕೂರು