ಡಯಾಲಿಸಿಸ್ ರೋಗಿಗಳ ಚರ್ಮವನ್ನೂ ನೋಡಿ

ಮಾನ್ಯ ಸಂಪಾದಕರೇ,

ನನ್ನ ಅಕ್ಕ ಐದು ವರ್ಷ ಡಯಾಲಿಸಿಸ್ ಮಾಡಿಸಿಕೊಂಡಳು. ವಾರಕ್ಕೆ ಮೂರು ದಿನ, ಬೆಳಗಿನ ಮೊದಲ ಬಸ್ಸಿಗೆ ನಾನೇ ಕರೆದೊಯ್ಯುತ್ತಿದ್ದೆ. ಕಳೆದ ಶ್ರಾವಣದಲ್ಲಿ ಅವಳ ಎಡ ತೊಡೆಯ ಮೇಲೆ ಅಂಗೈ ಅಗಲದ ನೇರಳೆ ಕಲೆ ಎದ್ದಿತು. ಬಲೆಯಂತೆ ಹರಡಿಕೊಂಡಿತ್ತು, ಮುಟ್ಟಿದರೆ ಒಳಗೆ ಗಟ್ಟಿ. ಸೀರೆಯ ನೆರಿಗೆ ತಾಗಿದರೂ ಹಲ್ಲು ಕಚ್ಚಿ ಅಳುತ್ತಿದ್ದಳು. ಮೂರು ಮಕ್ಕಳನ್ನು ಮನೆಯಲ್ಲೇ ಹೆತ್ತವಳು, ಸಣ್ಣ ನೋವಿಗೆ ಅಳುವವಳಲ್ಲ.

ತೋರಿಸಿದಲ್ಲೆಲ್ಲ ‘ಸಕ್ಕರೆ ಕಾಯಿಲೆಯ ಗಾಯ’ ಎಂದು ಮುಲಾಮು ಬರೆದುಕೊಟ್ಟರು. ಏಳು ವಾರ ಹೀಗೆಯೇ ಕಳೆಯಿತು. ಕಲೆ ಕಪ್ಪಾಗಿ ಒಡೆದ ಮೇಲೆ ಬೆಂಗಳೂರಿನ ಮೂತ್ರಪಿಂಡ ತಜ್ಞರೊಬ್ಬರು ನೋಡಿದೊಡನೆ ಹೆಸರು ಹೇಳಿದರು: ಕ್ಯಾಲ್ಸಿಫೈಲ್ಯಾಕ್ಸಿಸ್. ಕೆಟ್ಟ ಮೂತ್ರಪಿಂಡ ರಂಜಕವನ್ನು ಹೊರಹಾಕಲಾರದು. ಬಚ್ಚಲ ಹಂಡೆಯೊಳಗೆ ಸುಣ್ಣ ಕಟ್ಟುವಂತೆ, ಚರ್ಮದಡಿಯ ಕೊಬ್ಬಿನಲ್ಲಿರುವ ಎಳೆಯಂಥ ರಕ್ತನಾಳಗಳ ಗೋಡೆಗೆ, ಉಳಿದ ರಂಜಕದೊಡನೆ ಸೇರಿ ಕ್ಯಾಲ್ಸಿಯಂ ಕಟ್ಟುತ್ತದೆ. ರಕ್ತ ನಿಂತು ಚರ್ಮ ಸಾಯುತ್ತದೆ. ಕಾಯಿಲೆ ಅಪರೂಪದ್ದು, ಆದರೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ವರ್ಷದೊಳಗೆ ತೀರಿಹೋಗುತ್ತಾರೆ, ಹೆಚ್ಚಿನವರು ಹುಣ್ಣಿನ ಸೋಂಕು ರಕ್ತಕ್ಕೇರಿ.

ಹೃದಯಬಡಿತದ ಏರುಪೇರು ಇದ್ದುದರಿಂದ ಅಕ್ಕ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುತ್ತಿದ್ದಳು. ರಕ್ತನಾಳದಲ್ಲಿ ಕ್ಯಾಲ್ಸಿಯಂ ಕಟ್ಟದಂತೆ ಕಾಯುವ ಪ್ರೋಟೀನೊಂದಕ್ಕೆ ‘ಕೆ’ ಜೀವಸತ್ವ ಬೇಕು. ವಾರ್ಫರಿನ್ ಅದಕ್ಕೇ ಅಡ್ಡ ಬರುತ್ತದೆ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಬಿಡಬೇಡಿ, ದಯವಿಟ್ಟು, ವೈದ್ಯರನ್ನು ಕೇಳಿ. ಅಕ್ಕನ ಮಾತ್ರೆ ಬದಲಿಸಿ, ಡಯಾಲಿಸಿಸ್‌ನ ಕೊನೆಯ ಗಂಟೆಯಲ್ಲಿ ಸೋಡಿಯಂ ಥಯೋಸಲ್ಫೇಟ್ ಎಂಬ ಔಷಧಿ ಕೊಡಲು ಶುರು ಮಾಡುವಷ್ಟರಲ್ಲಿ ಹುಣ್ಣು ಎರಡೂ ತೊಡೆಗೆ ಹಬ್ಬಿತ್ತು. ಕಾರ್ತಿಕದಲ್ಲಿ ಹೋಗಿಬಿಟ್ಟಳು.

2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಬಡವರಿಗೂ ಯಂತ್ರ ಸಿಕ್ಕಿದೆ, ಅದಕ್ಕೆ ನಾನು ಋಣಿ. ಆದರೆ ಅಲ್ಲಿ ತೂಕ, ರಕ್ತದೊತ್ತಡ, ಕೈಯ ಸೂಜಿ ಇಷ್ಟನ್ನೇ ನೋಡುತ್ತಾರೆ. ಈ ಕಾಯಿಲೆ ಹೆಚ್ಚಾಗಿ ಕಾಡುವುದು ಹೆಂಗಸರನ್ನು. ಗಂಡಸರಿರುವ ಕೋಣೆಯಲ್ಲಿ ಯಾವ ಹೆಂಗಸು ತೊಡೆಯ ಕಲೆಯ ಮಾತೆತ್ತುತ್ತಾಳೆ? ಅಕ್ಕ ನನಗೇ ಹತ್ತು ದಿನ ಮುಚ್ಚಿಟ್ಟಿದ್ದಳು.

ಇಪ್ಪತ್ತೆಂಟು ವರ್ಷ ಮಕ್ಕಳ ತೂಕವನ್ನು ತಿಂಗಳು ತಿಂಗಳೂ ಬರೆದಿಟ್ಟವಳು ನಾನು. ಅಂಥದ್ದೇ ಒಂದು ಪುಸ್ತಕ ಸಾಕು. ತಿಂಗಳಿಗೊಮ್ಮೆ ಪರದೆ ಎಳೆದು, ನರ್ಸಮ್ಮ ಹೊಟ್ಟೆ, ತೊಡೆ, ಸ್ತನಗಳ ಚರ್ಮ ನೋಡಿ ಬರೆಯಲಿ. ನೋಯುವ ನೇರಳೆ ಕಲೆ ಕಂಡರೆ ಅದರ ಫೋಟೊ ಅದೇ ದಿನ ಮೂತ್ರಪಿಂಡ ತಜ್ಞರಿಗೆ ಹೋಗಲಿ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಹಾಸನ ಜಿಲ್ಲೆ